ಉಷ್ಣ ಅಂತ ಸುಮ್ಮನಿದ್ದದ್ದು

ಹೊಸನಗರದ ಕಡೆಯ ಒಂದು ಹಳ್ಳಿ. ಅಡುಗೆಮನೆಯ ಬಾಗಿಲ ಪಕ್ಕ ಮಣೆ ಹಾಕಿಕೊಂಡು ನಾನು ನೋಟ್‌ಬುಕ್ ಬಿಚ್ಚಿ ಕೂತಿದ್ದೆ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಹಾಲಿಗೆ ಹೆಪ್ಪು ಹಾಕುತ್ತ ಮಾತಾಡುತ್ತಿದ್ದರು. ಮಲೆನಾಡಿನ ಅಡುಗೆಮನೆಗಳಲ್ಲಿ ಹುಳಿ ಬರುವ, ಉಬ್ಬುವ, ಹಳಸುವ, ಬೂಷ್ಟು ಹಿಡಿಯುವ ಸಂಗತಿಗಳಿಗೆ ಏನೇನು ಪದಗಳಿವೆ ಎಂದು ಕೂಡಿಸುವುದು ನನ್ನ ಪಿಎಚ್.ಡಿ.ಯ ಒಂದು ಅಧ್ಯಾಯ. ಅದಕ್ಕಾಗಿ ಊರೂರು ತಿರುಗುತ್ತಿದ್ದೆ.

‘ಹೆಪ್ಪು ಜಾಸ್ತಿ ಆದ್ರೆ ಹುಳಿ, ಕಮ್ಮಿ ಆದ್ರೆ ಲೋಳೆ’ ಎಂದರು ಅಜ್ಜಿ. ‘ಹಾಲು ತೀರಾ ಬಿಸಿ ಇದ್ರೆ ಹೆಪ್ಪೇ ಸತ್ತೋಗ್ತದೆ. ಸತ್ತ ಮೇಲೆ ಹಾಲು ಹಂಗೇ ಇರ್ತದಾ? ಬೇರೆ ಏನೋ ಬಂದು ಸೇರ್ಕಳ್ತದೆ.’

‘ಹೆಪ್ಪು ಸಾಯುವುದು’ ಎಂದು ಬರೆದುಕೊಂಡು ಅಡಿಗೆರೆ ಎಳೆದೆ. ಒಳ್ಳೆಯ ಪ್ರಯೋಗ ಸಿಕ್ಕಿತಲ್ಲ ಎಂಬ ಖುಷಿ. ಅಜ್ಜಿ ಒಂದು ಚೊಂಬು ನೀರು, ಬೆಲ್ಲದ ತುಂಡು ತಂದಿಟ್ಟರು. ಬೆಲ್ಲ ತಿಂದೆ, ನೀರು ಮುಟ್ಟಲಿಲ್ಲ. ಅವರು ಮೂರು ಸಲ ಹೇಳಿದರು, ನಾನು ಮೂರು ಸಲ ‘ಬೇಡಜ್ಜಿ, ಈಗಷ್ಟೇ ಕುಡ್ದೆ’ ಎಂದು ಸುಳ್ಳು ಹೇಳಿದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಈ ಸುಳ್ಳಿನ ಅರ್ಥ ವಿವರಿಸಬೇಕಾಗಿಲ್ಲ. ನೀರು ಕುಡಿದರೆ ಹೋಗಬೇಕಾಗುತ್ತದೆ, ಎಲ್ಲಿಗೆ ಹೋಗುವುದು? ಬಸ್‌ಸ್ಟ್ಯಾಂಡಿನ ಶೌಚಾಲಯದ ಸ್ಥಿತಿ ಗೊತ್ತು. ಅಪರಿಚಿತರ ಮನೆಯಲ್ಲಿ ಕೇಳಲು ಸಂಕೋಚ. ಬೆಳಿಗ್ಗೆ ಏಳಕ್ಕೆ ಹಾಸ್ಟೆಲ್ ಬಿಟ್ಟವಳು ಸಂಜೆ ಏಳಕ್ಕೆ ವಾಪಸಾಗುವವರೆಗೆ ಒಂದು ಲೋಟ ಕಾಫಿಯ ಮೇಲೆ ದಿನ ದೂಡುವುದನ್ನು ನಾನು ಒಂದು ಸಾಮರ್ಥ್ಯವೆಂದೇ ತಿಳಿದಿದ್ದೆ.

ಹತ್ತು ದಿನ ಹೀಗೆ ತಿರುಗಿದ ಮೇಲೆ ಮೂತ್ರಕ್ಕೆ ಹೋದಾಗಲೆಲ್ಲ ಉರಿ ಶುರುವಾಯಿತು. ಐದು ನಿಮಿಷಕ್ಕೊಮ್ಮೆ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ಹಿಡಿದಂಥ ನೋವು. ಹಾಸ್ಟೆಲ್ಲಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎರಡು ಪ್ರಶ್ನೆ ಕೇಳಿ, ‘ಯೂರಿನ್ ಇನ್‌ಫೆಕ್ಷನ್’ ಎಂದು ಐದು ದಿನಕ್ಕೆ ಸೆಫಿಕ್ಸಿಮ್ ಮಾತ್ರೆ ಬರೆದುಕೊಟ್ಟರು. ‘ನೀರು ಚೆನ್ನಾಗಿ ಕುಡೀರಿ’ ಎಂದರು. ನನ್ನ ಪಾಳಿ ಎರಡು ನಿಮಿಷದಲ್ಲಿ ಮುಗಿಯಿತು. ದೂರುವಂಥದ್ದೇನೂ ಇರಲಿಲ್ಲ. ಮಾತ್ರೆ ಕೆಲಸ ಮಾಡಿತು, ಎರಡನೆಯ ದಿನಕ್ಕೇ ಉರಿ ಇಳಿಯಿತು. ಐದೂ ದಿನ ಹೊತ್ತಿಗೆ ಸರಿಯಾಗಿ ನುಂಗಿದೆ.

ಎಂಟನೆಯ ದಿನ ತುರಿಕೆ ಶುರುವಾಯಿತು.

ಅದನ್ನು ಬರೆಯುವುದು ಈಗಲೂ ಸುಲಭವಲ್ಲ. ಲೈಬ್ರರಿಯಲ್ಲಿ ಕೂತರೆ ಕೂರಲಾಗುತ್ತಿರಲಿಲ್ಲ. ರಾತ್ರಿ ರೂಮ್‌ಮೇಟ್ ಮಲಗುವುದನ್ನೇ ಕಾದು ಬಾತ್‌ರೂಮಿಗೆ ಹೋಗಿ ತಣ್ಣೀರು ಸುರಿದುಕೊಳ್ಳುತ್ತಿದ್ದೆ. ಮತ್ತೆ ಉರಿ. ಬಿಳಿ ಹೋಗುವುದು ಬೇರೆ. ನಮ್ಮ ಕಡೆ ಹಾಗೇ ಅನ್ನುತ್ತಾರೆ, ‘ಬಿಳಿ ಹೋಗ್ತದೆ’ ಅಂತ. ಪುಸ್ತಕದ ಕನ್ನಡದಲ್ಲಿ ಬಿಳಿ ಸೆರಗು, ಬಿಳಿ ಮುಟ್ಟು. ಪದ ಗೊತ್ತಿದ್ದರೂ ಯಾರಿಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಊರೂರು ತಿರುಗಿ ಹೆಂಗಸರಿಂದ ಪದ ಕೇಳಿ ಬರೆದುಕೊಳ್ಳುವ ನನಗೆ ನನ್ನದೇ ಒಂದು ಪದವನ್ನು ರೂಮ್‌ಮೇಟ್‌ಗೆ ಹೇಳಲು ಬಾಯಿ ಬರಲಿಲ್ಲ.

ಉರಿ ಎಂದರೆ ಉರಿ ಎಂದುಕೊಂಡೆ. ಮೊದಲಿನದೇ ಕಾಯಿಲೆ ಪೂರ್ತಿ ವಾಸಿಯಾಗದೆ ಮರುಕಳಿಸಿದೆ, ಇನ್ನೊಂದು ಸುತ್ತು ಮಾತ್ರೆ ತಿಂದರೆ ಹೋಗುತ್ತದೆ. ನನ್ನ ಮಟ್ಟಿಗೆ ಅದು ಬಹಳ ತರ್ಕಬದ್ಧವಾಗಿತ್ತು. ಹಳೆಯ ಸ್ಟ್ರಿಪ್ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಸ್ಟ್ರಿಪ್‌ನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿರುತ್ತೀರಿ. ಡಾಕ್ಟರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧ ಎಂಬುದಕ್ಕೆ ಗುರುತು. 2014ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸೆಫಿಕ್ಸಿಮ್‌ನಂಥ ಮಾತ್ರೆ ಮಾರುವಾಗ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಂಬುದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯ ಹುಡುಗ ಸ್ಟ್ರಿಪ್ ನೋಡಿ ‘ಇದೇನಾ? ಎಷ್ಟು ಬೇಕು?’ ಎಂದ. ಹತ್ತು ಎಂದೆ. ಕೊಟ್ಟ. ಅವನದೊಂದೇ ತಪ್ಪು ಎನ್ನಲಾರೆ. ಯಾವ ಪ್ರಶ್ನೆಯನ್ನೂ ಕೇಳದಿದ್ದುದಕ್ಕೆ ಆ ದಿನ ನಾನು ಅವನಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೆ.

ಎರಡನೆಯ ಸುತ್ತಿನ ನಾಲ್ಕನೇ ದಿನ ನಡೆಯಲೂ ಆಗದ ಸ್ಥಿತಿ. ಮತ್ತೆ ಅದೇ ಅಂಗಡಿಗೆ ಹೋಗಿ, ‘ತುರಿಕೆಗೆ ಏನಾದ್ರೂ ಕ್ರೀಮ್ ಕೊಡಿ, ತೊಡೆ ಸಂದಿ ಬೆವರಿಗೆ’ ಎಂದು ಇನ್ನೊಂದು ಸುಳ್ಳು ಹೇಳಿದೆ. ಸಿಕ್ಕ ಟ್ಯೂಬಿನಲ್ಲಿ ಮೂರು ಔಷಧಗಳ ಮಿಶ್ರಣ. ಒಂದು ಬ್ಯಾಕ್ಟೀರಿಯಾಕ್ಕೆ, ಒಂದು ಶಿಲೀಂಧ್ರಕ್ಕೆ, ಜೊತೆಗೆ ಜೋರಾದ ಒಂದು ಸ್ಟಿರಾಯ್ಡ್. ಹಚ್ಚಿದ ಅರ್ಧ ಗಂಟೆಗೆ ತುರಿಕೆ ಮಾಯ, ಮಾರನೆಯ ದಿನ ದುಪ್ಪಟ್ಟು. ಸ್ಟಿರಾಯ್ಡ್ ತುರಿಕೆಯನ್ನು ಮಲಗಿಸುತ್ತದೆ, ಜೊತೆಗೆ ಆ ಜಾಗದ ಕಾವಲನ್ನೂ ಮಲಗಿಸುತ್ತದೆ ಎಂದು ಆಮೇಲೆ ತಿಳಿಯಿತು.

ಕೊನೆಗೆ ಲೇಡಿ ಡಾಕ್ಟರ ಹತ್ತಿರ ಹೋದೆ. ಕೌಂಟರಿನಲ್ಲಿ ಚೀಟಿ ಬರೆಯುವವರು ತುಂಬಿದ ಹಾಲ್‌ಗೆಲ್ಲ ಕೇಳುವಂತೆ ‘ಮದುವೆ ಆಗಿದ್ಯಾ?’ ಎಂದರು. ಇಲ್ಲ ಎಂದೆ. ‘ಮತ್ತೆ ಏನು ತೊಂದ್ರೆ?’ ಎಂದರು. ‘ಹೊಟ್ಟೆನೋವು’ ಎಂದೆ. ಆ ಒಂದು ತಿಂಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನು ಕೂಡಿಸಿದರೆ ಅದೇ ಒಂದು ಅನುಬಂಧವಾಗುತ್ತದೆ.

ಒಳಗೆ ಡಾಕ್ಟರು ಪರೀಕ್ಷಿಸಿ ಕೈತೊಳೆದು ಬಂದು ಕೂತು ಮೊದಲು ಕೇಳಿದ್ದು ಇಷ್ಟೇ: ‘ಇತ್ತೀಚೆಗೆ ಆ್ಯಂಟಿಬಯೋಟಿಕ್ ಏನಾದ್ರೂ ತಗೊಂಡ್ರಾ?’

ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ. ಎರಡು ಸಲ ತೆಗೆದುಕೊಂಡದ್ದನ್ನೂ, ಟ್ಯೂಬಿನ ಕಥೆಯನ್ನೂ ಹೇಳಿದೆ. ಅವರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮೊದಲನೆಯದು ಮೂತ್ರಕೋಶದ ಸೋಂಕು, ಬ್ಯಾಕ್ಟೀರಿಯಾದ್ದು. ಅದಕ್ಕೆ ಮಾತ್ರೆ ಬೇಕಿತ್ತು. ಈಗಿನದು ಯೀಸ್ಟಿನದು. ಮೊದಲನೆಯದರಲ್ಲಿ ಉರಿ ಒಳಗಿನಿಂದ ಬರುತ್ತದೆ, ಪದೇಪದೇ ಹೋಗಬೇಕೆನಿಸುತ್ತದೆ. ಇದರಲ್ಲಿ ಮುಖ್ಯವಾದದ್ದು ತುರಿಕೆ. ಮೂತ್ರ ಕೆಂಪಾದ ಚರ್ಮಕ್ಕೆ ತಾಗಿದಾಗ ಹೊರಗೆ ಉರಿಯುತ್ತದೆ. ಬಿಳಿ ಹೋಗುವುದು ಒಡೆದ ಮೊಸರಿನ ಹಾಗಿರುತ್ತದೆ, ಸಾಮಾನ್ಯವಾಗಿ ಕೆಟ್ಟ ವಾಸನೆ ಇರುವುದಿಲ್ಲ. ವಾಸನೆ ಇದ್ದರೆ, ಜ್ವರ ಬಂದರೆ ಅದು ಬೇರೆ ಏನೋ. ‘ನೀವೇ ಗುರುತು ಹಿಡ್ಕೊಂಡು ನೀವೇ ಔಷಧಿ ತಗೊಂಡ್ರೆ ಹೀಗೇ ಆಗೋದು. ನಾಲ್ಕು ಹೆಂಗಸರಲ್ಲಿ ಮೂವರಿಗಾದ್ರೂ ಜೀವನದಲ್ಲಿ ಒಂದ್ಸಲ ಬರೋ ಕಾಯಿಲೆ ಇದು. ಇದಕ್ಕೆ ಯಾಕೆ ಇಷ್ಟು ದಿನ ಅಳ್ತಾ ಕೂತ್ರಿ?’

ನಾಲ್ವರಲ್ಲಿ ಮೂವರು. ನಮ್ಮ ಹಾಸ್ಟೆಲ್ಲಿನ ಮಹಡಿಯಲ್ಲಿ ಇಪ್ಪತ್ತು ರೂಮು, ನಲವತ್ತು ಮಂದಿ. ಲೆಕ್ಕ ಹಾಕಿದೆ. ಪಕ್ಕದ ಮಂಚದವಳಿಗೆ ಹೇಳಲಾಗದೆ ನಾನು ತಣ್ಣೀರು ಸುರಿದುಕೊಂಡ ರಾತ್ರಿಗಳಲ್ಲಿ ಅದೇ ಮಹಡಿಯಲ್ಲಿ ಇನ್ನೊಂದು ನಲ್ಲಿಯೂ ಬಿಟ್ಟಿತ್ತೇನೋ.

ಫ್ಲುಕೊನಜೋಲ್ 150 ಮಿಲಿಗ್ರಾಂ. ಆ ದಿನ ಒಂದು, ಮೂರು ದಿನ ಬಿಟ್ಟು ಇನ್ನೊಂದು. ಹೊರಗೆ ಹಚ್ಚಲು ಸ್ಟಿರಾಯ್ಡ್ ಇಲ್ಲದ ಬೇರೆ ಮುಲಾಮು. ಸೆಫಿಕ್ಸಿಮ್ ಅಲ್ಲಿಗೇ ನಿಂತಿತು. ವಾರದಲ್ಲಿ ಗುಣವಾಯಿತು.

ಗುಣವಾದ ಮೇಲೆ ನನ್ನೊಳಗಿನ ವಿದ್ಯಾರ್ಥಿ ಎದ್ದು ಕೂತಳು. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಯಿಂದ ಯೀಸ್ಟ್ ಬೆಳೆಯುವುದು ಹೇಗೆ? ಸೂಕ್ಷ್ಮಜೀವಿಶಾಸ್ತ್ರ ಓದುವ ಗೆಳತಿಯೊಬ್ಬಳಿಗೆ ಕೇಳಿದೆ. ಅವಳು ತನ್ನ ಲ್ಯಾಬಿಗೆ ಕರೆದೊಯ್ದು ಸೂಕ್ಷ್ಮದರ್ಶಕದಡಿ ಒಂದು ಗಾಜಿನ ತುಂಡು ಇಟ್ಟಳು. ನೇರಳೆ ಬಣ್ಣದ ಮೊಟ್ಟೆಯಾಕಾರದ ಕಣಗಳು. ಕೆಲವು ಮೊಟ್ಟೆಗಳ ತುದಿಯಲ್ಲಿ ಮರಿ ಮೊಗ್ಗು. ಇನ್ನು ಕೆಲವು ಪಾಪಾಸುಕಳ್ಳಿಯ ಹಾಗೆ ಒಂದರ ತಲೆಯ ಮೇಲೊಂದು ಬೆಳೆದು ಉದ್ದನೆಯ ಎಳೆಗಳಾಗಿದ್ದವು. ‘ಇದೇ ನೋಡು ನಿನ್ನ ನೆಂಟ, ಕ್ಯಾಂಡಿಡಾ ಅಲ್ಬಿಕಾನ್ಸ್’ ಎಂದಳು. ಬ್ರೆಡ್ ಉಬ್ಬಿಸುವ ಯೀಸ್ಟಿಗೂ ಇದು ದೂರದ ಸಂಬಂಧಿಯಂತೆ.

ಹೆಸರು ನೋಡಿ ನಗು ಬಂತು. ಲ್ಯಾಟಿನ್ನಿನಲ್ಲಿ ‘ಕ್ಯಾಂಡಿಡಸ್’ ಎಂದರೆ ಬೆಳ್ಳಗಿನದು, ‘ಅಲ್ಬಿಕಾನ್ಸ್’ ಎಂದರೆ ಬೆಳ್ಳಗಾಗುತ್ತಿರುವುದು. ಬಿಳಿಯ ಮೇಲೆ ಬಿಳಿ. ರೋಮಿನಲ್ಲಿ ಚುನಾವಣೆಗೆ ನಿಂತವರು ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಮತ ಕೇಳುತ್ತಿದ್ದರಿಂದ ಅವರು ‘ಕ್ಯಾಂಡಿಡೇಟ್’ ಆದರು. ನನ್ನ ಫೆಲೋಶಿಪ್ ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ ಇರುವುದೂ ಅದೇ, ಪಿಎಚ್.ಡಿ. ಕ್ಯಾಂಡಿಡೇಟ್. ಗೆಳತಿ ನೆಂಟ ಎಂದದ್ದು ಸುಳ್ಳಲ್ಲ.

ಈ ಯೀಸ್ಟ್ ಹೊರಗಿನಿಂದ ಬಂದ ಕಳ್ಳನಲ್ಲ ಎಂಬುದು ಅವಳು ಹೇಳಿದ ಮೊದಲ ಸಂಗತಿ. ಬಹಳ ಜನರ ಬಾಯಲ್ಲಿ, ಕರುಳಿನಲ್ಲಿ, ಎಷ್ಟೋ ಆರೋಗ್ಯವಂತ ಹೆಂಗಸರ ಯೋನಿಯಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಅದೇ ಜಾಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವಿದೆ. ಆಲ್ಬರ್ಟ್ ಡೋಡರ್ಲೈನ್ ಎಂಬ ಜರ್ಮನ್ ವೈದ್ಯ 1892ರಲ್ಲೇ ಇವುಗಳನ್ನು ವಿವರಿಸಿದ್ದ. ಅಲ್ಲಿನ ಜೀವಕೋಶಗಳು ಕೂಡಿಟ್ಟ ಸಕ್ಕರೆಯಂಶದಿಂದ ಅವು ಹುಳಿ ತಯಾರಿಸುತ್ತವೆ. ಮೊಸರಿನಲ್ಲಿರುವ ಅದೇ ಲ್ಯಾಕ್ಟಿಕ್ ಆಮ್ಲ. ಕೂರುವ ಜಾಗವನ್ನೂ ತಿನ್ನುವ ಆಹಾರವನ್ನೂ ಅವು ಮೊದಲೇ ಹಿಡಿದುಕೊಂಡಿರುವುದರಿಂದ ಯೀಸ್ಟ್ ಮೂಲೆಯಲ್ಲಿ ತೆಪ್ಪಗಿರುತ್ತದೆ.

ಆ್ಯಂಟಿಬಯೋಟಿಕ್‌ಗೆ ಮೂತ್ರಕೋಶದ ಬ್ಯಾಕ್ಟೀರಿಯಾ ಯಾವುದು, ಈ ಸಂಸಾರ ಯಾವುದು ಎಂಬ ಭೇದವಿಲ್ಲ. ಸೆಫಿಕ್ಸಿಮ್, ಪೆನಿಸಿಲಿನ್‌ನಂಥವು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಯೀಸ್ಟಿಗೆ ಆ ಬಗೆಯ ಗೋಡೆಯೇ ಇಲ್ಲ. ಅದು ಶಿಲೀಂಧ್ರ. ಜೀವಕೋಶದ ರಚನೆಯಲ್ಲಿ ಅದು ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರ. ಹಾಗಾಗಿ ಮಾತ್ರೆಯ ಹೊಡೆತ ಅದಕ್ಕೆ ತಟ್ಟುವುದಿಲ್ಲ. ಸುತ್ತಲಿನವರು ಸಾಯುತ್ತಾರೆ, ಇದಕ್ಕೆ ಖಾಲಿ ಮನೆ ಸಿಗುತ್ತದೆ. ನಾನು ಎರಡನೆಯ ಸುತ್ತು ಮಾತ್ರೆ ನುಂಗಿ ಮಾಡಿದ್ದು, ಉಳಿದಿದ್ದ ನಾಲ್ಕು ಮಂದಿಯನ್ನೂ ಹೊರಗೆ ಹಾಕಿ ಇಡೀ ಮನೆಯ ಬೀಗದ ಕೈ ಯೀಸ್ಟಿಗೆ ಕೊಟ್ಟದ್ದು.

ಹೆಪ್ಪು ಸತ್ತ ಮೇಲೆ ಹಾಲು ಹಾಗೇ ಇರುತ್ತದಾ ಎಂದಿದ್ದರಲ್ಲ ಅಜ್ಜಿ. ಅಡಿಗೆರೆ ಎಳೆದು ಬರೆದುಕೊಂಡವಳು ನಾನೇ.

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡ ಹೆಂಗಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಈ ತೊಂದರೆ ಬಂದಿತ್ತು. ಲ್ಯಾಕ್ಟೊಬ್ಯಾಸಿಲಸ್ ಇರುವ ಪುಡಿಯನ್ನೋ ಗುಳಿಗೆಯನ್ನೋ ಕೊಟ್ಟರೆ ತಡೆಯಬಹುದೇ ಎಂದು ನೋಡುವುದೇ ಆ ಅಧ್ಯಯನದ ಉದ್ದೇಶ. ತಡೆಯಲಾಗಲಿಲ್ಲ. ಮೊಸರಿನ ಮೇಲೆ ಅಧ್ಯಾಯ ಬರೆಯುತ್ತಿದ್ದ ನನಗೆ ಇದು ಬೇಸರದ ಸುದ್ದಿಯೇ. ಆದರೆ ಮೊಸರು ಮಾಡುವ ಬ್ಯಾಕ್ಟೀರಿಯಾಗಳೂ ದೇಹದ ಆ ಜಾಗದಲ್ಲಿ ನೆಲೆಸುವವೂ ಒಂದೇ ಮನೆತನದ ಬೇರೆ ಬೇರೆ ಜಾತಿಗಳು. ಗಡಿಗೆಯಲ್ಲಿ ಬದುಕುವುದು ಅಲ್ಲಿ ಬೇರೂರಬೇಕೆಂದಿಲ್ಲ. ಮೊಸರನ್ನ ಹೊಟ್ಟೆಗೆ ತಂಪು, ಅಷ್ಟು ಸಾಕು. ಅದನ್ನು ಔಷಧವೆಂದು ಹಚ್ಚಿಕೊಳ್ಳುವುದು ಬೇಡ ಎಂದು ಡಾಕ್ಟರೂ ಹೇಳಿದ್ದರು.

ಆಮೇಲೆ ನಾನು ಓದಿದ್ದರಲ್ಲಿ ಬಹಳ ಹಿಡಿಸಿದ್ದು ಇಬ್ಬರು ಹೆಂಗಸರ ಕಥೆ. 1940ರ ದಶಕದ ಕೊನೆ. ಪೆನಿಸಿಲಿನ್ ಬಂದು ಜಗತ್ತು ಬೆರಗಾಗಿತ್ತು. ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಕೊಲ್ಲುವ ಹೊಸ ಔಷಧಗಳೂ ಬರುತ್ತಿದ್ದವು. ಅವುಗಳ ಹಿಂದೆಯೇ ರೋಗಿಗಳ ಬಾಯಲ್ಲಿ, ಕರುಳಲ್ಲಿ ಯೀಸ್ಟ್ ಬೆಳೆಯುವುದೂ ಕಾಣತೊಡಗಿತು. ಅದಕ್ಕೆ ಒಳ್ಳೆಯ ಔಷಧವಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ವಿಜ್ಞಾನಿಗಳು ಇದರ ಬೆನ್ನು ಹತ್ತಿದರು. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದ ಸೂಕ್ಷ್ಮಜೀವಿ ತಜ್ಞೆ. ರೇಚಲ್ ಬ್ರೌನ್ ಆಲ್ಬನಿಯಲ್ಲಿದ್ದ ರಸಾಯನ ತಜ್ಞೆ. ಹೇಜನ್ ಮಣ್ಣಿನ ಮಾದರಿಗಳಿಂದ ಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವುದು ಯಾವುದೆಂದು ನೋಡಿ, ಜಾಡಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವರು. ಬ್ರೌನ್ ಅದರೊಳಗಿನ ಔಷಧದ ಅಂಶವನ್ನು ಬೇರ್ಪಡಿಸಿ ಅಂಚೆಯಲ್ಲೇ ವಾಪಸು ಕಳಿಸುವರು. ಹೀಗೆ ಜಾಡಿಗಳು ಓಡಾಡಿದವು. ಕೊನೆಗೆ ಬೇಕಾದದ್ದು ಸಿಕ್ಕಿದ್ದು ವರ್ಜೀನಿಯಾದಲ್ಲಿ ಹೇಜನ್‌ರ ಸ್ನೇಹಿತರ ಹೊಲದ ಮಣ್ಣಿನಲ್ಲಿ. ಆ ಸ್ನೇಹಿತರ ಮನೆತನದ ಹೆಸರನ್ನೇ ಜೀವಿಗೆ ಇಟ್ಟು ‘ಸ್ಟ್ರೆಪ್ಟೊಮೈಸಿಸ್ ನೂರ್ಸಿಯೈ’ ಎಂದರು. 1950ರಲ್ಲಿ ಪ್ರಕಟಿಸಿದ ಔಷಧಕ್ಕೆ ನ್ಯೂಯಾರ್ಕ್ ಸ್ಟೇಟ್‌ನ ನೆನಪಿಗೆ ‘ನಿಸ್ಟಾಟಿನ್’ ಎಂಬ ಹೆಸರಾಯಿತು. ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ಬಂದ ಗೌರವಧನ ಒಂದು ಕೋಟಿ ಡಾಲರಿಗೂ ಹೆಚ್ಚು. ಅಷ್ಟನ್ನೂ ಇಬ್ಬರೂ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು.

ನಮ್ಮವರದೂ ಒಂದು ಎಳೆ ಇದರಲ್ಲಿದೆ. ಮೈಸೂರು ಸೀಮೆಯ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಕೆಲಸ ಮಾಡಿದವರು. ಅವರೂ ಸಂಗಡಿಗರೂ ಅದೇ ಸ್ಟ್ರೆಪ್ಟೊಮೈಸಿಸ್ ಕುಲದ ಇನ್ನೊಂದು ಜೀವಿಯಿಂದ ‘ಹ್ಯಾಮೈಸಿನ್’ ಎಂಬ ಶಿಲೀಂಧ್ರನಾಶಕ ಪಡೆದರು. ಜೀವಿಯ ಹೆಸರಲ್ಲಿ ಪಿಂಪ್ರಿ ಊರು ಸೇರಿಕೊಂಡಿತು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳು ಬಂದದ್ದೂ ಈ ಕುಲದಿಂದಲೇ. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳಕ್ಕೂ ಮುಖ್ಯವಾಗಿ ಇವೇ ಕಾರಣ. ರೋಗದ ಮದ್ದು, ಆ ಮದ್ದಿನಿಂದಾದ ತೊಂದರೆಗೆ ಮದ್ದು, ಮಣ್ಣಿನ ವಾಸನೆ ಎಲ್ಲ ಒಂದೇ ಮನೆತನದ್ದು ಎಂದು ತಿಳಿದಾಗ ಮಳೆಗಾಲದಲ್ಲಿ ಹುಟ್ಟಿ ಬೆಳೆದ ನನಗೆ ಹಿತವೆನಿಸಿತು.

ದಸರಾ ರಜೆಗೆ ಊರಿಗೆ ಹೋದೆ. ತೀರ್ಥಹಳ್ಳಿಯಿಂದ ಒಳಗೆ ನಮ್ಮ ಮನೆ. ಅಮ್ಮ ನೋಡಿದವಳೇ ‘ಏನೇ ಇಷ್ಟು ಬಡಕಲಾಗಿದೀಯ?’ ಎಂದಳು. ರಾತ್ರಿ ಊಟವಾದ ಮೇಲೆ, ಅಪ್ಪ ಜಗಲಿಯಲ್ಲಿ ಮಲಗಿದ ಮೇಲೆ, ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಮೂತ್ರದ ಉರಿ, ಮಾತ್ರೆ, ಆಮೇಲೆ ತುರಿಕೆ.

‘ಉಷ್ಣ’ ಎಂದಳು ಅಮ್ಮ. ‘ಆ ಇಂಗ್ಲಿಷ್ ಮಾತ್ರೆ ಎಲ್ಲಾ ಉಷ್ಣ. ನಂಗೂ ಹಂಗೇ ಆಗ್ತದೆ.’

ನನ್ನ ಎದೆ ಧಸಕ್ಕೆಂದಿತು. ‘ಯಾವಾಗಮ್ಮ?’

‘ಆಗ್ತಾ ಇರ್ತದೆ ಮಾರಾಯ್ತಿ. ನೀನು ಹುಟ್ಟಿದ ಮೇಲೆ ಆಪ್ರೇಶನ್ ಮಾಡಿಸ್ಕೊಂಡ್ನಲ್ಲ, ಆಗ ಕೆಂಪು ಹಳದಿ ಗುಳಿಗೆ ಕೊಟ್ಟಿದ್ರು. ಅದು ತಿಂದು ವಾರಕ್ಕೆ ಶುರುವಾಯ್ತು. ಎರಡು ತಿಂಗಳು ಅನುಭವಿಸಿದೀನಿ. ಹಲ್ಲು ಕೀಳಿಸಿದಾಗ ಮಾತ್ರೆ ಕೊಟ್ರಲ್ಲ, ಮತ್ತೆ ಆಯ್ತು. ಆಮೇಲಿಂದ ನಾನು ಆ ಮಾತ್ರೆ ಕೊಟ್ರೆ ಎರಡು ದಿನ ತಿಂತೀನಿ. ಉಳಿದದ್ದು ಹಂಡೆ ಒಲೆಗೆ.’

ಇಪ್ಪತ್ತೇಳು ವರ್ಷ. ಆಪರೇಷನ್ ಗಾಯ ಕೀವಾಗದಿರಲೆಂದು ಕೊಟ್ಟ ಔಷಧಕ್ಕೂ ತನ್ನ ತುರಿಕೆಗೂ ಸಂಬಂಧವಿದೆ ಎಂದು ಏಳನೇ ಕ್ಲಾಸು ಓದಿದ ಅಮ್ಮ ತಾನೇ ಕಂಡುಕೊಂಡಿದ್ದಳು. ಹೇಜನ್, ಬ್ರೌನ್ ಕಂಡದ್ದನ್ನೇ. ಎರಡು ಸಲ ಆದದ್ದನ್ನು ತಾಳೆ ನೋಡಿ, ಕಾರಣ ಹಿಡಿದು, ತನಗೆ ತೋಚಿದ ಪರಿಹಾರವನ್ನೂ ಮಾಡಿಕೊಂಡಿದ್ದಳು. ಅಂಚೆಯಲ್ಲಿ ಜಾಡಿ ಕಳಿಸಲು ಅವಳಿಗೆ ಇನ್ನೊಬ್ಬಳು ಇರಲಿಲ್ಲ, ಅಷ್ಟೇ. ಅವಳ ಪರಿಹಾರ ತಪ್ಪಾಗಿತ್ತು. ಅರ್ಧಕ್ಕೆ ಬಿಟ್ಟ ಮಾತ್ರೆಯಿಂದ ಹಲ್ಲಿನ ಕೀವು ಮತ್ತೆ ತಲೆಯೆತ್ತಿ ದವಡೆ ಊದಿಕೊಂಡದ್ದು ನನಗೆ ನೆನಪಿದೆ. ಕಾಯಿಲೆ ಹಟಮಾರಿಯೆಂದು ನಾವೆಲ್ಲ ಅಂದುಕೊಂಡಿದ್ದೆವು.

‘ಯಾರಿಗಾದ್ರೂ ಹೇಳಿದ್ಯಾ?’

‘ಯಾರಿಗೆ ಹೇಳದು? ಪಕ್ಕದ ಮನೆ ಅಕ್ಕಂಗೆ ಹೇಳ್ದೆ. ಉಷ್ಣ, ಮಜ್ಜಿಗೆ ಕುಡಿ, ಮೆಂತ್ಯ ನೆನೆಸಿ ತಿನ್ನು ಅಂದ್ಳು. ಅವಳಿಗೂ ಆಗಿತ್ತಂತೆ. ಡಾಕ್ಟ್ರು ಗಂಡಸ್ರು. ನಿಮ್ಮಪ್ಪಂಗೆ ಹೇಳಿದ್ರೆ ಏನಂದ್ಕೊಳ್ತಾರೋ ಅಂತ. ನಾನೇ ಏನೋ ಶುಚಿ ಇಲ್ಲ ಅಂದ್ಕೊಂಡು ದಿನಾ ಸೋಪು ಹಾಕಿ ತೊಳೀತಿದ್ದೆ. ಇನ್ನೂ ಜಾಸ್ತಿ ಆಗ್ತಿತ್ತು.’

ನಾನು ಮತ್ತೇನೋ ಹೇಳಲು ಹೊರಟೆ. ಅಮ್ಮ ಕೊಳ್ಳಿ ಹಿಂದಕ್ಕೆಳೆಯುತ್ತ ಮೆಲ್ಲಗೆ ಹೇಳಿದಳು: ‘ಈಗ ಎರಡು ವರ್ಷದಿಂದ ಮಾತ್ರೆ ತಿನ್ನದಿದ್ರೂ ಆಗ್ತಿದೆ. ವಯಸ್ಸಾಯ್ತಲ್ಲ, ಮೈಯೇ ಉಷ್ಣ ಆಗಿದೆ.’

ಅಲ್ಲಿಗೆ ನನ್ನ ಹೊಸ ವಿದ್ಯೆಯ ಉತ್ಸಾಹ ನಿಂತಿತು. ಮಾತ್ರೆಯಿಲ್ಲದೆಯೂ ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು ಎಂದು ನನ್ನ ಡಾಕ್ಟರು ಮಾತಿನ ನಡುವೆ ಹೇಳಿದ್ದರು. ‘ನಿಮ್ಮದು ಮಾತ್ರೆಯಿಂದ ಆದದ್ದು, ಚಿಂತೆ ಇಲ್ಲ’ ಎಂದು ನನ್ನ ರಕ್ತ ನೋಡಿ ಬಿಟ್ಟಿದ್ದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಯೀಸ್ಟಿಗೆ ಊಟ ಹೆಚ್ಚು, ದೇಹದ ಕಾವಲೂ ಸಡಿಲ. ಅಮ್ಮ ಈಚೆಗೆ ರಾತ್ರಿ ಮೂರು ಸಲ ಏಳುತ್ತಿದ್ದಳು. ಊಟಕ್ಕೆ ಕೂತಾಗ ಎರಡು ಚೊಂಬು ನೀರು ಖಾಲಿ ಮಾಡಿದ್ದನ್ನು ಆ ರಾತ್ರಿಯೇ ನೋಡಿದ್ದೆ.

ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಪೇಟೆಗೆ ಹೋದೆವು. ಖಾಲಿ ಹೊಟ್ಟೆಯ ಸಕ್ಕರೆ 212. ಅದು 126 ದಾಟಿದರೆ ಮಧುಮೇಹವೆಂದು ಲೆಕ್ಕ. ಚೀಟಿ ನೋಡಿ ಅಮ್ಮನಿಗಿಂತ ನನಗೇ ಕೈ ನಡುಗಿತು. ಅಲ್ಲಿನ ಡಾಕ್ಟರು ‘ಎಷ್ಟು ದಿನದಿಂದ ಇದೆಯೋ’ ಎಂದರು. ಎರಡು ವರ್ಷ ತುರಿಕೆಯೇ ಬಾಗಿಲು ಬಡಿದು ಹೇಳುತ್ತಿತ್ತು, ಉಷ್ಣ ಅಂತ ಅವಳು ಸುಮ್ಮನಿದ್ದಳು.

ಉಷ್ಣ ಎಂಬ ಪದವನ್ನು ನಾನು ಹೀಗಳೆಯಲಾರೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ನಾಲ್ಕು ಪುಟ ಇವೆ. ಗಂಡಸರ ಮುಂದೆ, ಮಕ್ಕಳ ಮುಂದೆ ಹೇಳಬಹುದಾದ ಮರ್ಯಾದೆಯ ಪದ ಅದು. ಬಾಯಿಹುಣ್ಣು, ಕಣ್ಣುರಿ, ಬಿಳಿ ಹೋಗುವುದು, ಮುಟ್ಟಿನ ಏರುಪೇರು ಎಲ್ಲವೂ ಅದರ ಸೆರಗಿನಲ್ಲಿ ಅಡಗುತ್ತವೆ. ಹೆಂಗಸರು ಒಬ್ಬರಿಗೊಬ್ಬರು ತಮ್ಮ ಸಂಕಟವನ್ನು ದಾಟಿಸಿದ್ದು ಅದೊಂದೇ ಪದದಲ್ಲಿ. ಆದರೆ ದಾಟಿಸಿದ ಮೇಲೆ ಅದು ಅಲ್ಲೇ ನಿಲ್ಲುತ್ತದೆ. ಮಜ್ಜಿಗೆಗಿಂತ ಮುಂದೆ ಹೋಗುವುದಿಲ್ಲ. ಡಾಕ್ಟರ ಮೇಜಿನವರೆಗೆ ಹೋಗುವುದಿಲ್ಲ.

ಡಾಕ್ಟರ ಮೇಜಿನಿಂದಲೂ ಒಂದು ಮಾತು ಈಚೆ ಬರುವುದಿಲ್ಲ. ಮಾತ್ರೆ ಬರೆಯುವಾಗ ‘ಇದು ತಿಂದ ಮೇಲೆ ತುರಿಕೆ, ಬಿಳಿ ಹೋಗುವುದು ಶುರುವಾದರೆ ಮಾತ್ರೆ ಮುಂದುವರಿಸಬೇಡಿ, ನಿಲ್ಲಿಸಲೂ ಬೇಡಿ, ನನ್ನ ಹತ್ತಿರ ಬನ್ನಿ, ಅದಕ್ಕೆ ಬೇರೆ ಔಷಧ ಇದೆ’ ಎಂದು ಹೇಳಲು ಎಷ್ಟು ಹೊತ್ತು? ನಾನೇ ಗಡಿಯಾರ ಹಿಡಿದು ಹೇಳಿ ನೋಡಿದ್ದೇನೆ, ಹತ್ತು ಸೆಕೆಂಡು. ಆ ಹತ್ತು ಸೆಕೆಂಡು ಸಿಕ್ಕಿದ್ದರೆ ನನಗೆ ಮೂರು ವಾರ ಉಳಿಯುತ್ತಿತ್ತು. ಅಮ್ಮನಿಗೆ ಎಷ್ಟು ಉಳಿಯುತ್ತಿತ್ತೋ.

ಅಮ್ಮ ಈಗ ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ತುರಿಕೆಗೂ ಔಷಧ ಆಯಿತು. ಸಕ್ಕರೆ ಇಳಿದಂತೆ ಅದೂ ಇಳಿದಿದೆ. ಮೊನ್ನೆ ಫೋನಿನಲ್ಲಿ, ಪಕ್ಕದ ಮನೆ ಅಕ್ಕನನ್ನೂ ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದೆ ಎಂದಳು. ‘ಏನಂತ ಹೇಳಿ ಕರ್ಕೊಂಡು ಹೋದ್ಯಮ್ಮ?’ ಎಂದೆ.

‘ಉಷ್ಣ ಅಲ್ವಂತೆ ಕಣೇ, ಹೆಪ್ಪು ಸತ್ತೋಗಿರ್ತದಂತೆ ಅಂದೆ’ ಎಂದಳು.

ಆ ಪದವನ್ನು ಅವಳಿಗೆ ಕೊಟ್ಟದ್ದು ನಾನೇ. ಒಲೆಯ ಮುಂದೆ ವಿವರಿಸುವಾಗ ಲ್ಯಾಕ್ಟೊಬ್ಯಾಸಿಲಸ್ ಎನ್ನಲಾಗದೆ ಅಜ್ಜಿಯ ಮಾತು ಹೇಳಿದ್ದೆ. ಈಗ ಅದು ನಮ್ಮೂರಿನಲ್ಲಿ ಹೊಸ ಅರ್ಥದಲ್ಲಿ ಓಡಾಡುತ್ತಿದೆ. ಪ್ರಬಂಧದಲ್ಲಿ ಸೇರಿಸಬಹುದೇ ಎಂದು ಮಾರ್ಗದರ್ಶಕರನ್ನು ಕೇಳಬೇಕು. ಕೇಳುವುದಾದರೆ ಪೂರ್ತಿ ಕಥೆ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಹೊಸನಗರದ ಅಜ್ಜಿಯ ಮನೆಗೆ ಮುಂದಿನ ವಾರ ಮತ್ತೆ ಹೋಗುವುದಿದೆ. ಈ ಸಲ ನೀರು ಕೊಟ್ಟರೆ ಕುಡಿಯುತ್ತೇನೆ. ಆಮೇಲೆ ಬಚ್ಚಲು ಎಲ್ಲಿ ಅಜ್ಜಿ ಎಂದು ಕೇಳುತ್ತೇನೆ.